ಬಚ್ಚಲ ನೀರು ತೋಟಕ್ಕೆ ಹರಿದ ವರ್ಷ

ಸ್ಯಾನಿಟರಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ, ನಿವೃತ್ತನಾದ ನನ್ನನ್ನು ನೋಡಲು ಮುಂಬೈಯ ಮುಲುಂಡಿಗೆ ಬರುತ್ತಾರೆ. ನೋಟಿಸು ಹೇಗೆ ಬರೆಯಬೇಕು, ಮೇಲಿನವರನ್ನು ಹೇಗೆ ಸಂಭಾಳಿಸಬೇಕು, ಬಿಲ್ಡಿಂಗಿನವರು ಜಗಳಕ್ಕೆ ಬಂದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಅದೆಲ್ಲ ಕೆಲಸ ಮಾಡುತ್ತಾ ಮಾಡುತ್ತಾ ತಾನಾಗಿ ಬರುತ್ತದೆ. ನಾನು ಅವರಿಗೆ ಹೇಳಬೇಕೆಂದುಕೊಳ್ಳುವುದು ಬೇರೊಂದು ಸಂಗತಿ. ಅದನ್ನು ಒಂದು ಕಪ್ ಚಹಾ ಮುಗಿಯುವುದರೊಳಗೆ ಹೇಳಿ ಮುಗಿಸಲು ಆಗುವುದಿಲ್ಲ. ಅರ್ಧ ಹೇಳಿದರೆ ತಪ್ಪು ತಿಳಿಯುತ್ತಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಸಂಗತಿ ಬಚ್ಚಲ ನೀರಿನದು.

ನಾನು ಮೈಸೂರು ಕಡೆಯವನು. ನಮ್ಮ ಊರಿನಲ್ಲಿ ಬಚ್ಚಲಿನ ಗೋಡೆಗೊಂದು ತೂತು, ಅದರಾಚೆ ಬಾಳೆಗಿಡ, ಬಾಳೆಯ ಪಕ್ಕ ಕೆಸುವಿನೆಲೆ. ಮಿಂದ ನೀರು ಎಲ್ಲಿಗೆ ಹೋಗಬೇಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮುಂಬೈಗೆ ಬಂದು ನಗರಪಾಲಿಕೆಯ ಈ ಕೆಲಸಕ್ಕೆ ಸೇರಿದಾಗ ಮೊದಲು ಕಲಿಸಿದ್ದೇ ಇದಕ್ಕೆ ವಿರುದ್ಧವಾದದ್ದು. ಮರಾಠಿಯಲ್ಲಿ ಸಾಂಡ್‌ಪಾಣಿ ಎನ್ನುತ್ತಾರೆ: ಮನೆಯೊಳಗೆ ಒಮ್ಮೆ ಬಳಸಿ ಬಿಟ್ಟ ನೀರು. ಅದು ಸ್ನಾನದ್ದಾಗಲಿ, ಪಾತ್ರೆ ತೊಳೆದದ್ದಾಗಲಿ, ಮುಚ್ಚಿದ ಪೈಪಿನಲ್ಲಿ ಗಟಾರಕ್ಕೆ ಸೇರಬೇಕು. ಬಯಲಿಗೆ ಬಿಟ್ಟರೆ ನೋಟಿಸು. ನನಗೆ ಇದರಲ್ಲಿ ಅನುಮಾನವೇನೂ ಇರಲಿಲ್ಲ. ಇಷ್ಟು ಜನ ಇಷ್ಟು ಹತ್ತಿರ ಬದುಕುವ ಊರಿನಲ್ಲಿ ನಿಯಮ ಹಾಗೇ ಇರಬೇಕು ಎಂದುಕೊಂಡಿದ್ದೆ.

ಎಂಬತ್ತರ ದಶಕದ ಆರಂಭ. ನನ್ನ ಮೇಲಧಿಕಾರಿ ದಳವಿ ಸಾಹೇಬರು, ಕೊಂಕಣದವರು, ತೆಳ್ಳಗೆ ಎತ್ತರಕ್ಕೆ ಇದ್ದರು. ಕಚೇರಿಯಲ್ಲಿ ಕೂತರೆ ಅವರ ಮೈಗೆ ಹಿಡಿಸುತ್ತಿರಲಿಲ್ಲ. ಒಮ್ಮೆ ಬಾಂದ್ರಾದ ಹಳೆಯ ಬಂಗಲೆಯೊಂದರ ಮೇಲೆ ದೂರು ಬಂತು. ವಕೀಲರೊಬ್ಬರ ಹೆಂಡತಿ ಗುಲಾಬಿ ತೋಟಕ್ಕೆ ಮನೆಯ ಕೊಳೆನೀರು ಬಿಡುತ್ತಾರೆ, ವಾಸನೆ ತಡೆಯಲಾಗುತ್ತಿಲ್ಲ ಎಂದು ಪಕ್ಕದವರು ಬರೆದಿದ್ದರು. ಆಗ ಆ ವಾರ್ಡಿನಲ್ಲಿ ಜನರ ಕೊರತೆಯಾಗಿ ಆ ಕಡೆಯ ದೂರುಗಳನ್ನೂ ನಮಗೇ ಕೊಟ್ಟಿದ್ದರು. ನಾವಿಬ್ಬರೂ ಹೋದೆವು.

ಅಡುಗೆಮನೆಯ ಸಿಂಕಿನಿಂದ ಪೈಪು ನೇರ ಗುಲಾಬಿ ಪಾತಿಗೆ ಬರುತ್ತಿತ್ತು. ದಳವಿ ಸಾಹೇಬರು ಕೋಲಿನಿಂದ ಮಣ್ಣು ಕೆದಕಿದರು. ಮೇಲೆ ಮೇಣದ ಹಾಗೆ ಜಿಡ್ಡಿನ ಪದರ ಕಟ್ಟಿತ್ತು. ಅದರೊಳಗೆ ಅನ್ನದ ಅಗುಳು, ಹುಳು. ನೀರು ಇಂಗದೆ ಮೇಲೆ ನಿಂತಿತ್ತು. ಆ ಹೆಂಗಸು ಸುಮ್ಮನಿರಲಿಲ್ಲ. "ಬಾತ್‌ರೂಮಿನ ನೀರು ಆ ಕಡೆ ತೆಂಗಿನ ಮರಕ್ಕೆ ಹೋಗುತ್ತದೆ. ಅಲ್ಲಿ ವಾಸನೆ ಇದೆಯೇ, ಬಂದು ನೋಡಿ," ಎಂದರು. ಹೋಗಿ ನೋಡಿದರೆ ನಿಜವಾಗಿಯೂ ವಾಸನೆ ಇರಲಿಲ್ಲ. ಮಣ್ಣು ಸಡಿಲವಾಗಿತ್ತು, ಎರೆಹುಳು ಇದ್ದವು.

ಸಾಹೇಬರು ಅಡುಗೆಮನೆಯ ಪೈಪಿಗೆ ಮಾತ್ರ ನೋಟಿಸು ಬರೆ ಎಂದರು. "ನಿಯಮದ ಪ್ರಕಾರ ಎರಡೂ ತಪ್ಪಲ್ಲವೇ ಸರ್?" ಎಂದು ಕೇಳಿದೆ.

"ನಿಯಮ ಬರೆದವರು ಎರಡಕ್ಕೂ ಒಂದೇ ಶಬ್ದ ಹಾಕಿದ್ದಾರೆ," ಎಂದರು. "ಮಣ್ಣಿಗೆ ಅವೆರಡೂ ಬೇರೆ ಬೇರೆ. ನೀನು ಈಗ ಕಣ್ಣಾರೆ ನೋಡಿದೆ."

ನೋಡಿದ್ದೆ ನಿಜ. ಆದರೆ ಅರ್ಧ ಕಲಿತವನ ಉತ್ಸಾಹ ಜಾಸ್ತಿ. ಸ್ವಲ್ಪ ದಿನದಲ್ಲೇ ಘಾಟ್ಕೋಪರಿನ ಒಬ್ಬ ಗೃಹಿಣಿ ಕುಂಡದ ಗಿಡಗಳಿಗೆ ನೀರು ಸಾಲದೆಂದು ಹೇಳಿದಾಗ, ಸ್ನಾನದ್ದೂ ಬಟ್ಟೆ ಒಗೆದದ್ದೂ ಎಲ್ಲ ಹಾಕಿ ಎಂದು ಧೈರ್ಯವಾಗಿ ಹೇಳಿ ಬಂದೆ. ಆಕೆ ಬಟ್ಟೆಯನ್ನು ವಾಷಿಂಗ್ ಸೋಡಾದಲ್ಲಿ ನೆನೆಸುತ್ತಿದ್ದರು. ಒಂದು ದಿನ ಕಚೇರಿಗೇ ಬಂದು, ಎಲೆಯಂಚೆಲ್ಲ ಸುಟ್ಟು ಕಂದಾದ ಮೊಗ್ರಾ ಮಲ್ಲಿಗೆಯ ಕುಂಡವನ್ನು ನನ್ನ ಮೇಜಿನ ಮೇಲೆ ಇಟ್ಟು ಹೊರಟುಹೋದರು. ದಳವಿ ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ, ಸೋಡಾದ ಉಪ್ಪು ಮಣ್ಣಿನಲ್ಲಿ ಉಳಿದುಬಿಡುತ್ತದೆ, ಸೋಪಿನ ನೀರು ಹಾಕಿದರೂ ನಡುನಡುವೆ ಒಳ್ಳೆಯ ನೀರು ಹಾಯಿಸಿ ತೊಳೆಯಬೇಕು ಎಂದು ವಿವರಿಸಿದರು. ಕುಂಡವನ್ನು ನಾನು ಮನೆಗೆ ತಂದು ಚಿಗುರಿಸಲು ನೋಡಿದೆ. ಚಿಗುರಲಿಲ್ಲ.

ಇದಾಗಿ ಎರಡು ಮೂರು ವರ್ಷಕ್ಕೆ ಮಳೆ ಕೈಕೊಟ್ಟಿತು. ಬೇಸಿಗೆಗೆ ಮೊದಲೇ ನೀರಿನ ಕಡಿತ ಶುರುವಾಯಿತು. ನಲ್ಲಿ ಬರುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ತೋಟಕ್ಕೆ ನಲ್ಲಿ ನೀರು ಬಿಡಕೂಡದು ಎಂದು ಆಜ್ಞೆಯಾಯಿತು. ಅದನ್ನು ಹೌಸಿಂಗ್ ಸೊಸೈಟಿಗಳಿಗೆ ಹೋಗಿ ತಿಳಿಸುವುದು ನನ್ನ ಕೆಲಸ. ಹೀಗೆ ಮುಲುಂಡಿನಲ್ಲಿ ಒಂದು ನಾಲ್ಕು ಮಹಡಿಯ ಬಿಲ್ಡಿಂಗಿಗೆ ಹೋದೆ. ಅದರ ಕಾರ್ಯದರ್ಶಿ ವತ್ಸಲಕ್ಕ. ಅವರು ಕನ್ನಡ ಶಾಲೆಯ ಟೀಚರು, ಮೈಸೂರಿನವರೇ. ಗಂಡ ರೈಲ್ವೆಯಲ್ಲಿ ಗುಮಾಸ್ತರು. ನೆಲಮಹಡಿಯ ಮನೆ. ಬಿಲ್ಡಿಂಗಿನ ಹಿಂದೆ ಬಾಳೆ, ತೆಂಗು, ನಂದಿಬಟ್ಟಲು, ಒಂದು ಸಂಪಿಗೆ ಮರ ಎಲ್ಲ ಬೆಳೆಸಿದ್ದರು. ನಾನು ಕನ್ನಡದವನೆಂದು ತಿಳಿದ ಕೂಡಲೇ ತಮ್ಮನನ್ನು ದಬಾಯಿಸುವ ಹಾಗೆ ದಬಾಯಿಸತೊಡಗಿದರು.

"ಸರಿ, ನಲ್ಲಿ ನೀರು ಬೇಡ. ಬಚ್ಚಲ ನೀರು ಬಿಟ್ಕೋತೀವಿ. ಅದೂ ಬೇಡ ಅಂತೀಯೇನಪ್ಪಾ ಶ್ರೀನಿವಾಸ?"

"ಅದು ಗಟಾರಕ್ಕೇ ಹೋಗಬೇಕು ಅಂತ ನಿಯಮ ಇದೆ ಅಕ್ಕ."

"ಹಾಗಿದ್ರೆ ಈ ಮರಗಳಿಗೆ ಏನು ಹಾಕಬೇಕು ಅಂತ ನಿಮ್ಮ ನಿಯಮದಲ್ಲಿದೆ?"

ಅದನ್ನೇ ಬರೆದುಕೊಡಿ ಎಂದೆ. ಅವರ ಅರ್ಜಿ ತೆಗೆದುಕೊಂಡು ದಳವಿ ಸಾಹೇಬರ ಮುಂದೆ ಇಟ್ಟೆ. ಸಾಹೇಬರು ನಿವೃತ್ತಿಗೆ ಹತ್ತಿರವಿದ್ದರು. ಬಹಳ ದಿನದಿಂದ ಇಂಥ ಅರ್ಜಿಗೇ ಕಾಯುತ್ತಿದ್ದವರ ಹಾಗೆ ಅದನ್ನು ಎರಡು ಸಲ ಓದಿದರು. ವಾರ್ಡಿನ ಹಿರಿಯ ಅಧಿಕಾರಿಯ ಹತ್ತಿರ ಹೋಗಿ, ಪ್ರಯೋಗ ಎಂಬ ಹೆಸರಿನಲ್ಲಿ ಆ ಒಂದು ಬಿಲ್ಡಿಂಗಿಗೆ ಮಾತ್ರ ಒಪ್ಪಿಗೆ ಪಡೆದು ಬಂದರು.

ಪೈಪಿನ ಕೆಲಸಕ್ಕೆ ಹುಸೇನ್‌ಸಾಬ್ ಬಂದರು. ಅವರು ಲೈಸೆನ್ಸ್ ಇದ್ದ ಪ್ಲಂಬರು, ಬಾಗಲಕೋಟೆ ಕಡೆಯವರು. ಘಾಟ್ಕೋಪರಿನಲ್ಲಿ ಸಂಸಾರ. ವಯಸ್ಸು ನಲವತ್ತೈದರ ಆಚೀಚೆ. ಮೊದಲಿನಿಂದ ನಮ್ಮ ವಾರ್ಡಿನಲ್ಲಿ ಅವರ ಕೆಲಸಕ್ಕೆ ಒಳ್ಳೆಯ ಹೆಸರು. ಮನೆಯಲ್ಲಿ ದಖನಿ ಮಾತು. ನಮ್ಮ ಜೊತೆ ತಮ್ಮೂರಿನ ಕನ್ನಡ.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಮುಂಬೈಯ ಹಳೆಯ ಬಿಲ್ಡಿಂಗುಗಳಲ್ಲಿ ಪಾಯಿಖಾನೆಯ ಪೈಪು ಬೇರೆ, ಬಚ್ಚಲಿನ ಪೈಪು ಬೇರೆ. ಎರಡೂ ಹೊರಗೋಡೆಯ ಮೇಲಿಂದ ಇಳಿದು ಕೆಳಗೆ ಸೇರುತ್ತವೆ. ಹೀಗಾಗಿ ಬಚ್ಚಲಿನ ನೀರನ್ನು ಮಾತ್ರ ಬೇರೆ ಕಡೆ ತಿರುಗಿಸುವುದು ಕಷ್ಟವಲ್ಲ. ಕಷ್ಟ ಇರುವುದು ಅದನ್ನು ಯಾವಾಗ ತಿರುಗಿಸಬೇಕು, ಯಾವಾಗ ತಿರುಗಿಸಬಾರದು ಎಂಬುದರಲ್ಲಿ. ನಾವು ನಾಲ್ಕು ಜನ ಭಾನುವಾರಗಳಲ್ಲಿ ಸಂಪಿಗೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಅದನ್ನೇ ಮಾತಾಡಿದೆವು. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ನಿಯಮವೊಂದು ಹುಟ್ಟುವುದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಅಡುಗೆಮನೆಯ ನೀರು ಸುತರಾಂ ಕೂಡದು ಎಂದು ದಳವಿ ಸಾಹೇಬರು ಮೊದಲು ಹೇಳಿದರು. ತೊಟ್ಟಿಯಲ್ಲಿ ತುಂಬಿಡಕೂಡದು, ಬಂದ ನೀರು ಅಂದೇ ಮಣ್ಣಿಗೆ ಹೋಗಬೇಕು, ಇಲ್ಲದಿದ್ದರೆ ನಾರುತ್ತದೆ, ಸೊಳ್ಳೆಯಾಗುತ್ತದೆ. ಪೈಪು ಹಿಡಿದು ಎರಚಕೂಡದು, ಜಲ್ಲಿ ತುಂಬಿದ ಕಾಲುವೆಯಲ್ಲಿ ಮಣ್ಣಿನ ಕೆಳಗೇ ಹರಿಯಬೇಕು, ಆಡುವ ಮಕ್ಕಳ ಕಾಲಿಗೆ ತಾಗಬಾರದು. ಕೊತ್ತಂಬರಿ, ಮೆಂತ್ಯ, ಮೂಲಂಗಿಗೆ ಬೇಡ, ಮರಗಳಿಗೆ ಹೂಗಿಡಗಳಿಗೆ ಸಾಕು. ವಾಷಿಂಗ್ ಸೋಡಾದ ಮಾತನ್ನು ನಾನು ಸೇರಿಸಿದೆ. ಸಾಹೇಬರು ನನ್ನನ್ನು ನೋಡಿ ಮುಗುಳ್ನಕ್ಕರು.

ವತ್ಸಲಕ್ಕ ತಡೆದು ಕೇಳಿದರು. "ಮಗುವಿನ ಬಟ್ಟೆ ಬಚ್ಚಲಲ್ಲೇ ಒಗೀತಾರಲ್ಲ, ಅದಕ್ಕೇನು ಮಾಡೋದು? ಮೇಲೆ ಯಾರಿಗಾದ್ರೂ ಭೇದಿ ಆದ್ರೆ?"

ಹುಸೇನ್‌ಸಾಬ್ ಗೋಡೆಯ ಪೈಪನ್ನು ನೋಡುತ್ತಾ ಹೇಳಿದರು. "ಕೆಳಗ ಒಂದು ಹಿಡಿಕಿ ಇಡ್ತೀನ್ರಿ ಅಕ್ಕಾರ. ಯಾರ ಮನ್ಯಾಗರ ಜಡ್ಡು ಬಂತು, ಸಣ್ಣ ಕೂಸು ಐತಿ ಅಂದ್ರ ಹಿಡಿಕಿ ತಿರುವಿಬಿಡ್ರಿ, ಎಲ್ಲಾ ನೀರು ಗಟಾರಕ್ಕ ಹೋಗ್ತೈತಿ. ಮಳಿ ಹಿಡೀತು ಅಂದ್ರೂ ತಿರುವ್ರಿ. ತೋಟಕ್ಕ ಆಗ ನಿಮ್ಮ ನೀರು ಯಾಕ ಬೇಕು?"

ಆ ಹಿಡಿಕೆ ಎಲ್ಲರಿಗೂ ಕಾಣುವ ಜಾಗದಲ್ಲಿ ಇರಬೇಕು, ತೋಟದ ಪೈಪಿಗೆ ಬೇರೆ ಬಣ್ಣ ಬಳಿಯಬೇಕು, ಅದಕ್ಕೆ ಎಲ್ಲೂ ನಲ್ಲಿ ಕೂಡಿಸಬಾರದು, ಕುಡಿಯುವ ನೀರಿನ ಪೈಪಿನಿಂದಲೂ ತೊಟ್ಟಿಯಿಂದಲೂ ಬಿಲ್ಡಿಂಗಿನ ಇನ್ನೊಂದು ಪಕ್ಕದಲ್ಲಿರಬೇಕು. ಇವೆಲ್ಲ ಹುಸೇನ್‌ಸಾಬರ ಮಾತು. ಅವರಿಗೆ ಹಸಿರು ಬಣ್ಣ ಇಷ್ಟವಾಯಿತು. ಪೈಪು ಹಸಿರಾಯಿತು. ನಿಯಮಗಳನ್ನು ಮರಾಠಿ, ಗುಜರಾತಿ, ಇಂಗ್ಲಿಷಿನಲ್ಲಿ ಬರೆಸಿ ಮೆಟ್ಟಿಲ ಬಳಿ ಹಾಕಿದೆವು. ವತ್ಸಲಕ್ಕ ಕನ್ನಡದಲ್ಲಿ ಒಂದನ್ನು ಬರೆದು ತಮ್ಮ ಬಚ್ಚಲಿನ ಬಾಗಿಲಿಗೆ ಅಂಟಿಸಿಕೊಂಡರು.

ಆ ಬೇಸಿಗೆ ಅಕ್ಕಪಕ್ಕದ ಕಾಂಪೌಂಡುಗಳೆಲ್ಲ ಒಣಗಿ ಧೂಳೆದ್ದಾಗ ಅಲ್ಲಿ ಬಾಳೆ ಗೊನೆ ಹಾಕಿತು. ಬೇರೆ ಸೊಸೈಟಿಗಳವರು ನೋಡಲು ಬಂದರು. ದಳವಿ ಸಾಹೇಬರು ಶನಿವಾರ ಮನೆಗೆ ಹೋಗುವಾಗ ಮುಲುಂಡಿನಲ್ಲಿ ಇಳಿದು ಒಮ್ಮೆ ತೋಟಕ್ಕೆ ಸುತ್ತು ಹಾಕಿ ಹೋಗುತ್ತಿದ್ದರು. ಎಲ್ಲ ಸೊಸೈಟಿಗಳಿಗೂ ಅನ್ವಯವಾಗುವ ಹಾಗೆ ನಿಯಮ ಮಾಡಿ ಎಂದು ಮೇಲಿನ ಕಚೇರಿಗೆ ಬರೆದರು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ಹಾರ ತೆಗೆದಿಡುತ್ತಾ, "ಉತ್ತರ ಬಂದರೆ ನನಗೆ ತಿಳಿಸು," ಎಂದರು. ಆಮೇಲೂ ಕೆಲವು ಸಲ ಸಿಕ್ಕಾಗ ಕೇಳಿದರು. ನಂತರ ಕೇಳುವುದನ್ನು ಬಿಟ್ಟರು.

ಮರುವರ್ಷದ ಬೇಸಿಗೆಯ ಕೊನೆಯಲ್ಲಿ ಆ ಬಿಲ್ಡಿಂಗಿನಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಮೊದಲು ಒಬ್ಬರಿಗೆ, ಆಮೇಲೆ ಬೇರೆ ಬೇರೆ ಮನೆಗಳಲ್ಲಿ. ಎಲ್ಲರಿಗಿಂತ ಹೆಚ್ಚು ಜೋರಾಗಿ ಬಿದ್ದವಳು ಎರಡನೇ ಮಹಡಿಯ ಮೆಹ್ತಾ ಅವರ ಮಗಳು ಹೇತಲ್, ಒಂಬತ್ತನೇ ಕ್ಲಾಸಿನ ಹುಡುಗಿ. ಆಸ್ಪತ್ರೆಗೆ ಸೇರಿಸಿದರು. ಪ್ರಜ್ಞೆ ತಪ್ಪಿತು. ಡಾಕ್ಟರು ಏನೂ ಹೇಳಲಾಗದು ಎಂದರು.

ಕಾಂಪೌಂಡಿನಲ್ಲಿ ಜನ ಸೇರಿದರು. ಮೆಹ್ತಾ ಜಗಳಗಂಟ ಮನುಷ್ಯರಲ್ಲ. ತಗ್ಗಿದ ದನಿಯಲ್ಲೇ, "ಗಂದಾ ಪಾನೀ ಘರ್ ಕೇ ಪಾಸ್ ರಖಾ. ಔರ್ ಕ್ಯಾ ಹೋಗಾ," ಎಂದರು. ಕೊಳೆ ನೀರನ್ನು ಮನೆಯ ಹತ್ತಿರ ಇಟ್ಟುಕೊಂಡೆವು, ಮತ್ತೇನಾಗುತ್ತದೆ. ಪ್ಲಂಬರ್ ಎಲ್ಲೋ ಪೈಪು ಬೆರೆಸಿದ್ದಾನೆ ಎಂದು ಯಾರೋ ಅಂದರು. ಸಂಜೆಯ ಹೊತ್ತಿಗೆ ಅದು ಎಲ್ಲರ ಬಾಯಲ್ಲಿತ್ತು.

ದಳವಿ ಸಾಹೇಬರ ಜಾಗಕ್ಕೆ ಬಂದ ಹೊಸ ಸಾಹೇಬರು ನನ್ನನ್ನು ಕರೆಸಿ, ಇವತ್ತೇ ಆ ಪೈಪು ತೆಗೆಸು ಎಂದರು.

"ಒಂದು ದಿನ ಕೊಡಿ ಸರ್," ಎಂದೆ. "ಮೇಲಿನ ಬಚ್ಚಲುಗಳಲ್ಲಿ ಬಟ್ಟೆಯ ನೀಲಿ ಕರಗಿಸಿ ಬಿಡುತ್ತೇನೆ. ಕುಡಿಯುವ ತೊಟ್ಟಿಯಲ್ಲಿ ನೀಲಿ ಕಂಡರೆ ಪೈಪಿನದೇ ತಪ್ಪು. ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು. ಎಲ್ಲರ ಎದುರಿಗೇ ಮಾಡೋಣ."

"ನಾಳೆ ಆ ಹುಡುಗಿಗೆ ಏನಾದರೂ ಆದರೆ, ಇವರು ನೀಲಿ ಕರಗಿಸುತ್ತಾ ಕೂತಿದ್ದರು ಅಂತ ಜನ ಹೇಳುತ್ತಾರೆ. ಮೊದಲು ತೆಗೆಸು. ಆಮೇಲೆ ಹುಡುಕು."

ಅವರು ಕೆಟ್ಟವರಲ್ಲ. ಹೆದರಿದ್ದರು. ಹುಡುಗಿಯ ಬಗ್ಗೆಯೂ ಹೆದರಿದ್ದರು ಎಂಬುದನ್ನು ನಾನು ಒಪ್ಪಬೇಕು. ನಾನು ಇನ್ನೊಮ್ಮೆ ಕೇಳಿದೆ. ಅವರು ಮಾತು ಮುಗಿಯಿತೆಂಬಂತೆ ಫೋನ್ ಕೈಗೆತ್ತಿಕೊಂಡರು. ನಾನು ಆಳುಗಳನ್ನು ಕರೆದುಕೊಂಡು ಮುಲುಂಡಿಗೆ ಹೋದೆ.

ಹುಸೇನ್‌ಸಾಬ್ ನಮಗಿಂತ ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದರು. ಯಾರು ಹೇಳಿದರೋ ಗೊತ್ತಿಲ್ಲ. ಆಳುಗಳ ಕೈಯಲ್ಲಿದ್ದ ಸುತ್ತಿಗೆ ನೋಡಿ, "ನನ್ನ ಕೈಲೆ ಹಾಕಿದ್ದು ಸಾಹೇಬ್ರ, ನಾನೇ ತೆಗೀತೀನಿ. ಇವರು ಒಡದ ಹಾಕ್ತಾರ," ಎಂದರು.

ಒಂದೊಂದೇ ಜೋಡಣೆ ಬಿಚ್ಚಿದರು. ಗ್ಯಾಲರಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಅರ್ಧ ಕೆಲಸ ಆಗಿದ್ದಾಗ ವತ್ಸಲಕ್ಕ ಗೇಟಿನೊಳಗೆ ಬಂದರು. ಮೆಹ್ತಾ ಅವರ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿದ್ದು ಬರುತ್ತಿದ್ದರು. ಕಣ್ಣು ಊದಿಕೊಂಡಿತ್ತು. ನೇರ ಬಂದು ಹುಸೇನ್‌ಸಾಬರ ಎದುರು ನಿಂತರು.

"ಹುಸೇನ್‌ಸಾಬರೇ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲಾದ್ರೂ... ಕುಡಿಯೋ ನೀರಿನ ಪೈಪಿಗೆ ಏನಾದ್ರೂ ತಾಗಿರಬಹುದಾ?"

ಅವರು ಪೈಪು ಬಿಚ್ಚುವ ಪಾನಾ ಕೆಳಗಿಟ್ಟರು. ಕೈಯನ್ನು ಬಟ್ಟೆಗೆ ಒರೆಸಿಕೊಂಡರು. "ಇಲ್ರಿ ಅಕ್ಕಾರ," ಎಂದರು. ಅಷ್ಟೇ. ಮತ್ತೆ ಪಾನಾ ಎತ್ತಿಕೊಂಡರು. ಬಿಚ್ಚಿದ ಹಸಿರು ಪೈಪುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದರು. ಯಾವಾಗ ಬಂದರೂ ವತ್ಸಲಕ್ಕನ ಮನೆಯಲ್ಲಿ ಚಹಾ ಕುಡಿಯದೆ ಹೋಗದವರು ಅಂದು ಹಾಗೇ ಸ್ಟೇಷನ್ ಕಡೆ ನಡೆದುಬಿಟ್ಟರು.

ಪೈಪು ಹೋದ ಮೇಲೆ ಪರೀಕ್ಷೆ ಮಾಡಲು ಏನುಳಿಯಿತು? ಒಂದು ಪುಡಿಕೆ ನೀಲಿ, ಒಂದು ದಿನ ಸಾಕಾಗಿತ್ತು. ಬಿಲ್ಡಿಂಗಿನ ಅಷ್ಟೂ ಜನ ತಮ್ಮ ಕಣ್ಣಿನಿಂದ ನೋಡುತ್ತಿದ್ದರು.

ಕಾಮಾಲೆ ನಿಲ್ಲಲಿಲ್ಲ. ಈ ರೋಗ ಮೈಯೊಳಗೆ ಸೇರಿದ ಎಷ್ಟೋ ದಿನಗಳ ಮೇಲೆ ಕಾಣುವಂಥದ್ದು, ಹಾಗಾಗಿ ಪೈಪು ತೆಗೆದ ಮೇಲೂ ಬರುತ್ತಿದೆಯಲ್ಲ ಎಂದು ಯಾರಿಗೂ ಅನುಮಾನ ಬರಲಿಲ್ಲ. ನನಗೆ ಅನುಮಾನ ಬಂದದ್ದು, ರಸ್ತೆಯಾಚೆಯ ಒತ್ತೊತ್ತು ಮನೆಗಳ ಚಾಳಿನಲ್ಲೂ ಇಬ್ಬರಿಗೆ ಬಂದಿದೆ ಎಂದು ಕೇಳಿದಾಗ. ಆ ಚಾಳಿನಲ್ಲಿ ತೋಟವಿಲ್ಲ, ಒಂದು ತುಳಸಿ ಕುಂಡ ಇಡಲೂ ಜಾಗವಿಲ್ಲ. ಎರಡಕ್ಕೂ ಒಂದೇ ಇದ್ದದ್ದೆಂದರೆ ರಸ್ತೆಯ ಕೆಳಗೆ ಬರುವ ಕುಡಿಯುವ ನೀರಿನ ಪೈಪು.

ಆಗ ನಾವು ನೀರನ್ನು ಪರೀಕ್ಷಿಸುತ್ತಿದ್ದ ರೀತಿ ಹೀಗೆ: ಗಾಜಿನ ಸಣ್ಣ ನಳಿಗೆಯಲ್ಲಿ ನೀರು ಹಿಡಿದು ಔಷಧಿಯ ಹನಿ ಹಾಕಿದರೆ, ಕ್ಲೋರಿನ್ ಉಳಿದಿರುವ ನೀರು ಹಳದಿಯಾಗುತ್ತದೆ. ಹಳದಿ ಬಾರದಿದ್ದರೆ ನೀರಿನಲ್ಲಿ ಕೊಳೆ ಬೆರೆತು ಕ್ಲೋರಿನ್ ತೀರಿಹೋಗಿದೆ ಎಂದು ಸಂಶಯ. ನಾನು ಆ ಬಿಲ್ಡಿಂಗಿನಲ್ಲಿ ಮೊದಲೇ ಪರೀಕ್ಷಿಸಿದ್ದೆ. ಪ್ರತಿ ಸಲವೂ ಹಳದಿ ಬಂದಿತ್ತು. ಆದರೆ ನಾನು ಹೋಗುತ್ತಿದ್ದುದು ಕಚೇರಿ ತೆರೆದ ಮೇಲೆ, ನೀರು ಬಂದು ಬಹಳ ಹೊತ್ತು ಹರಿದ ಮೇಲೆ. ಈ ಸಲ ಬೆಳಗಾಗುವಾಗಲೇ ಹೋಗಿ ಗೇಟಿನ ಬಳಿಯ ನಲ್ಲಿ ತೆರೆದು ಕಾದೆ. ನಲ್ಲಿ ಸುಯ್ಯೆಂದು ಗಾಳಿ ಬಿಟ್ಟಿತು. ಮೊದಲು ಬಂದ ನೀರನ್ನೇ ಹಿಡಿದೆ. ಹನಿ ಹಾಕಿದೆ. ಬಣ್ಣ ಬರಲಿಲ್ಲ. ಮೂಗಿನ ಬಳಿ ಹಿಡಿದರೆ ಗಟಾರದ ವಾಸನೆ. ಸ್ವಲ್ಪ ಹೊತ್ತು ಹರಿಯಲು ಬಿಟ್ಟು ಮತ್ತೆ ಹಿಡಿದಾಗ ಹಳದಿ ಬಂತು.

ರಸ್ತೆ ಅಗೆಸಿದೆವು. ಪೈಪು ಗಟಾರವನ್ನು ದಾಟುವ ಕಡೆ ಕೆಳಭಾಗ ತುಕ್ಕು ತಿಂದು ತೂತಾಗಿತ್ತು. ನೀರು ಬರುವಾಗ ಆ ತೂತಿನಿಂದ ಹೊರಗೆ ಸೋರುತ್ತಿತ್ತು. ನೀರು ನಿಂತ ಮೇಲೆ ಖಾಲಿಯಾದ ಪೈಪು ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ಕಡಿತದಿಂದ ದಿನದ ಬಹುಪಾಲು ಅದು ಖಾಲಿ. ಹೊಸ ಪೈಪು ಹಾಕಿದ ಮೇಲೆ ಕೆಲವು ವಾರಗಳಲ್ಲಿ ಹೊಸಬರಿಗೆ ಕಾಮಾಲೆ ಬರುವುದು ನಿಂತಿತು. ಹೇತಲ್ ಅಷ್ಟರಲ್ಲಿ ಚೇತರಿಸಿಕೊಂಡು ಮನೆಗೆ ಬಂದಿದ್ದಳು. ಅಂದಿನಿಂದ ನಮ್ಮ ವಾರ್ಡಿನಲ್ಲಿ ಮೊದಲು ಬರುವ ನೀರನ್ನೂ ಪರೀಕ್ಷಿಸುವ ಪದ್ಧತಿ ಬಂತು. ಈಗ ನೀವು ಬೆಳಿಗ್ಗೆ ನಿದ್ದೆಗೆಟ್ಟು ನಲ್ಲಿಯ ಮುಂದೆ ನಿಲ್ಲುವುದು ಅದಕ್ಕೇ.

ತೋಟದ ಪೈಪಿನದು ತಪ್ಪಲ್ಲ ಎಂದು ನಾನು ವರದಿ ಕೊಟ್ಟೆ. ಹೊಸ ಸಾಹೇಬರು ಓದಿ, ಒಳ್ಳೆಯ ಕೆಲಸ ಎಂದರು. ಹಾಗಾದರೆ ಪೈಪು ಮತ್ತೆ ಜೋಡಿಸಲು ಹೇಳಲೇ ಎಂದು ಕೇಳಿದೆ. "ಅದನ್ನು ಯಾಕೆ ಮತ್ತೆ ಕೆದಕುತ್ತೀಯ ಶ್ರೀನಿವಾಸ್? ಇನ್ನೊಮ್ಮೆ ಏನಾದರೂ ಆದರೆ ಜವಾಬ್ದಾರಿ ಯಾರದು?" ಎಂದರು. ನಾನೇ ಮುಲುಂಡಿಗೆ ಹೋಗಿ ಸೊಸೈಟಿಯವರಿಗೆ ಎಲ್ಲ ವಿವರಿಸಿದೆ. ಮೆಹ್ತಾ ಕೇಳಿಸಿಕೊಂಡರು. "ನೀವು ಹೇಳುವುದು ನಿಜವಿರಬಹುದು. ನಾನು ನಂಬುತ್ತೇನೆ. ಆದರೂ ಬೇಡ," ಎಂದರು. ಮಗಳನ್ನು ಆ ಸ್ಥಿತಿಯಲ್ಲಿ ನೋಡಿದ ತಂದೆಯ ಜೊತೆ ವಾದ ಮಾಡುವುದು ಹೇಗೆ? ವತ್ಸಲಕ್ಕ ಕಾರ್ಯದರ್ಶಿ ಸ್ಥಾನ ಬಿಟ್ಟರು. ಬಾಳೆ ಒಣಗಿತು. ನಂತರದ ವರ್ಷಗಳಲ್ಲಿ ಬಿಲ್ಡಿಂಗಿನಲ್ಲಿ ಸ್ಕೂಟರು ಕಾರು ಹೆಚ್ಚಾದವು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಸಂಪಿಗೆ ಮರವೊಂದನ್ನು ಬಿಟ್ಟು ಉಳಿದ ಜಾಗಕ್ಕೆಲ್ಲ ಸಿಮೆಂಟು ಬಿತ್ತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ತೋಟವಲ್ಲ. ಆ ಘಟನೆಯ ನಂತರ ಮುಲುಂಡಿನಲ್ಲಿ ಹುಸೇನ್‌ಸಾಬರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಪೈಪು ತೆಗೆದದ್ದನ್ನು ಎಲ್ಲರೂ ಕಂಡಿದ್ದರು. ತಪ್ಪು ಅವರದಲ್ಲ ಎಂಬುದು ಎಷ್ಟು ಜನಕ್ಕೆ ಗೊತ್ತಾಯಿತು? ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ವತ್ಸಲಕ್ಕ ನಮ್ಮ ಮನೆಗೆ ಬಂದು, "ನಂಗೆ ಅವರ ಮನೆ ಗೊತ್ತಿಲ್ಲ. ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಲೋಕಲ್ ರೈಲು ಹಿಡಿದು ಘಾಟ್ಕೋಪರಿಗೆ ಹೋದೆವು.

ಗುಡ್ಡದ ಇಳಿಜಾರಿನ ಚಾಳಿನಲ್ಲಿ ಎರಡು ಕೋಣೆ. ಹುಸೇನ್‌ಸಾಬ್ ಎದ್ದು ಬಂದು ಒಳಗೆ ಕರೆದರು. ಅವರ ಹೆಂಡತಿ ಮಂಚದ ಮೇಲೆ ಹೊಸ ಚಾದರ ಹಾಸಿ ನಮ್ಮನ್ನು ಕೂರಿಸಿದರು, ಚಹಾ ಮಾಡಿದರು. ಊರಿನ ಮಳೆ, ಮಕ್ಕಳ ಶಾಲೆ ಎಲ್ಲ ಮಾತಾಯಿತು. ವತ್ಸಲಕ್ಕ ಕಪ್ಪನ್ನು ಹಾಗೇ ಹಿಡಿದುಕೊಂಡಿದ್ದರು.

"ಅವತ್ತು ನಾನು ಹಾಗೆ ಕೇಳಬಾರದಿತ್ತು," ಎಂದರು.

"ಹೇತಲ್‌ನ ನೋಡಿ ಬಂದಿದ್ರಿ ನೀವು. ಯಾರಿದ್ರೂ ಕೇಳ್ತಿದ್ರು. ನನಗ ಸಿಟ್ಟಿಲ್ರಿ ಅಕ್ಕಾರ."

"ಎಲ್ಲರಿಗೂ ಹೇಳಿದೀನಿ, ನಿಮ್ಮದೇನೂ ತಪ್ಪಿಲ್ಲ ಅಂತ. ಶ್ರೀನಿವಾಸನೂ ಬಂದು ಹೇಳಿದ. ನೀವು ಮತ್ತೆ ಬನ್ನಿ. ಬೇರೆ ಸೊಸೈಟಿಯವರೂ ಈ ಪೈಪು ಹಾಕಿಸ್ಕೋಬೇಕು ಅಂತ ಇದ್ರು, ಅವರ ಹತ್ರ ನಾನೇ ಮಾತಾಡ್ತೀನಿ."

ಹುಸೇನ್‌ಸಾಬ್ ತಮ್ಮ ಅಂಗೈಗಳನ್ನು ನೋಡಿಕೊಂಡರು.

"ನೀವು ಕೇಳಿದಾಗ ಇಲ್ಲ ಅಂದ್ನಿ. ಆದರ ಮನಿಗೆ ಬಂದು ಕುಂತ ಮ್ಯಾಲ, ಹಾಕಿದ ಜೋಡಣಿ ಒಂದೊಂದ ನೆನಪು ಮಾಡಕೋತ ಹೋದ್ನಿ. ಎಲ್ಲ್ಯಾರ ಕೈ ತಪ್ಪೇತೇನು ಅಂತ. ಆ ಹುಡುಗಿ ಮನಿಗೆ ಬರೂ ತನಕ ದಿನಾ ಅದೇ. ನನಗ ನನ್ನ ಕೈ ಮ್ಯಾಲೇ ಸಂಶೆ ಬಂತ್ರಿ. ಸಾಹೇಬ್ರು ತೂತು ಹುಡುಕಿದ್ರು, ಚಲೋ ಆತು. ಆದರ ಒಮ್ಮಿ ಬಂದ ಸಂಶೆ ಹೋಗವಲ್ದು. ಈಗ ಪೈಪಿನ ಕೆಲಸ ಹಿಡಿಯಾಂಗಿಲ್ಲ ನಾನು. ನಲ್ಲಿ ರಿಪೇರಿ ಅಷ್ಟ ಮಾಡ್ತೀನಿ."

ನಾನೇನೋ ಹೇಳಲು ಹೋದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಚಹಾ ಮುಗಿಸಿ ಎದ್ದೆವು.

ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕೆಂದಿದ್ದುದು ಇಷ್ಟು. ರೋಗ ಬಂದಾಗ ಜನ ಕಣ್ಣಿಗೆ ಕಾಣುವ ಕೊಳೆಯ ಕಡೆ ಬೆರಳು ತೋರಿಸುತ್ತಾರೆ. ನಿಮ್ಮ ಮೇಲಿನವರೂ ತೋರಿಸುತ್ತಾರೆ. ನೀವು ಮೊದಲು ಕುಡಿಯುವ ನೀರನ್ನು ನೋಡಿ, ಅದೂ ಮೊದಲು ಬಂದ ನೀರನ್ನು. ಹಿಡಿಕೆ ತಿರುಗಿಸಿದರೆ ಹರಿವು ನಿಲ್ಲುವ ಕಡೆ ಪೈಪು ಕೀಳಿಸಬೇಡಿ. ಹಿಡಿಕೆ ಅಲ್ಲೇ ಇತ್ತು. ನಿಯಮವನ್ನು ಮೆಟ್ಟಿಲ ಬಳಿ ನಾವೇ ಬರೆಸಿ ಹಾಕಿದ್ದರೂ, ಅಂದು ಅದನ್ನು ತಿರುಗಿಸಿ ಬಿಟ್ಟಿದ್ದರೆ ಸಾಕಾಗಿತ್ತು ಎಂದು ಹೊಸ ಸಾಹೇಬರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ಇಂಥ ನೀರಿಗೆ ಹೊಸ ಹೆಸರು ಬಂದಿದೆ, ನಿಯಮಗಳೂ ಬಂದಿವೆ ಎಂದು ಕೇಳುತ್ತೇನೆ. ಓದಿದಾಗ ಹೆಚ್ಚಿನವು ಸಂಪಿಗೆ ಮರದ ಕೆಳಗೆ ನಾವು ಮಾತಾಡಿದ್ದೇ ಅನ್ನಿಸುತ್ತದೆ. ದಳವಿ ಸಾಹೇಬರು ಈಗಿಲ್ಲ.

ಘಾಟ್ಕೋಪರಿಗೆ ಹೋಗಿ ಬಂದ ಕೆಲವು ದಿನಗಳಿಗೆ ವತ್ಸಲಕ್ಕ ಹುಸೇನ್‌ಸಾಬರಿಗೆ ಹೇಳಿ ಕಳಿಸಿದರು, ಮನೆಯ ನಲ್ಲಿ ಸೋರುತ್ತಿದೆ ಎಂದು. ಆ ದಿನ ನಾನೂ ಅಲ್ಲಿದ್ದೆ. ಅವರು ಬರುವ ಮೊದಲು ವತ್ಸಲಕ್ಕನೇ ಗಂಡನ ಪಾನಾ ತೆಗೆದುಕೊಂಡು, ಚೆನ್ನಾಗಿದ್ದ ನಲ್ಲಿಯನ್ನು ಕಷ್ಟಪಟ್ಟು ಸಡಿಲ ಮಾಡುತ್ತಿದ್ದರು. ನನ್ನನ್ನು ನೋಡಿ, "ನೀನು ಏನೂ ಹೇಳಬೇಡ," ಎಂದರು.

ಹುಸೇನ್‌ಸಾಬ್ ಬಂದರು. ಗೇಟಿನಿಂದ ಬರುವಾಗ ಹಿಂದಿನ ತೋಟದ ಕಡೆ ತಿರುಗಿ ನೋಡಲಿಲ್ಲ. ಅಡುಗೆಮನೆಗೆ ಹೋಗಿ ಹನಿ ಬೀಳುತ್ತಿದ್ದ ನಲ್ಲಿಯನ್ನು ಒಮ್ಮೆ ಮುಟ್ಟಿದರು. ಅದರ ಮೇಲೆ ಪಾನಾ ಜಾರಿ ಆದ ಹೊಸ ಗೀರುಗಳಿದ್ದವು. ಅವನ್ನು ಬೆರಳಿನಿಂದ ಸವರಿದರು. ಚೀಲ ತೆರೆದು ಪಾನಾ ತೆಗೆದು ಒಂದು ಸುತ್ತು ಬಿಗಿದರು. ಹನಿ ನಿಂತಿತು.

"ನಲ್ಲಿಗೆ ಏನೂ ಆಗಿಲ್ರಿ ಅಕ್ಕಾರ," ಎಂದರು.

ವತ್ಸಲಕ್ಕ ಸೆರಗಿನ ಚುಂಗು ಹಿಡಿದುಕೊಂಡು ನಿಂತಿದ್ದರು. ಹುಸೇನ್‌ಸಾಬ್ ಚೀಲ ಮುಚ್ಚಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ತನಕ ಹೋದವರು ಅಲ್ಲಿ ನಿಂತರು. ಚೀಲವನ್ನು ಕೆಳಗಿಳಿಸಿ ಕುರ್ಚಿ ಎಳೆದುಕೊಂಡು ಕೂತರು.

"ಚಾ ಮಾಡ್ರಿ," ಎಂದರು.